ಬಾಲ್ ಪೈಥಾನ್ ಮೊಟ್ಟೆಗೆ ಏನಾಗಿದೆ? ಮನೆಯಲ್ಲಿ ಮೊದಲ ಸಲ ಕಾವು ಕೊಡುವವರಿಗೆ ದೋಷ ನಿವಾರಣೆ ಕೈಪಿಡಿ

ಮೊಟ್ಟೆ ಗುಳಿ ಬಿದ್ದಿದೆ. ಬೂಷ್ಟು ಬಂದಿದೆ. ದಿನ ಕಳೆದರೂ ಮರಿ ಹೊರಗೆ ಬಂದಿಲ್ಲ. ಮನೆಯಲ್ಲಿ ಸಾಕುವ ಬಾಲ್ ಪೈಥಾನ್ ಎಂಬ ಹೆಬ್ಬಾವಿನ ಮೊಟ್ಟೆಗೆ ಮೊದಲ ಸಲ ಕಾವು ಕೊಡುವವರ ಚಿಂತೆಗಳು ಹೆಚ್ಚುಕಮ್ಮಿ ಇವೇ. ಇದಕ್ಕೆ ಉತ್ತರ ಹೇಳಬೇಕಾದರೆ ಮೊದಲು ಒಂದು ಮರುಪ್ರಶ್ನೆ ಕೇಳಲೇಬೇಕು: ಇದು ಎಷ್ಟನೇ ದಿನ?

15ನೇ ದಿನ ಮೊಟ್ಟೆಗಳು ಗುಳಿ ಬಿದ್ದರೆ ಡಬ್ಬಿ (ಇನ್‌ಕ್ಯುಬೇಟರ್ ಎಂಬ ಕಾವು ಪೆಟ್ಟಿಗೆಯೊಳಗೆ ಮೊಟ್ಟೆ ಇಟ್ಟು ಮುಚ್ಚಿದ ಡಬ್ಬಿ) ಒಣಗಿದೆ ಎಂದು ಅನುಮಾನಿಸಬೇಕು. ಅದೇ ಗುಳಿ 50ನೇ ದಿನ ಬಿದ್ದರೆ ಮರಿ ಬರುವ ಹೊತ್ತು ಹತ್ತಿರವಾಗಿದೆ ಎಂದು ಖುಷಿಪಡಬೇಕು. ಹಾಗಾಗಿ ಮೊಟ್ಟೆ ಇಟ್ಟ ದಿನಾಂಕವನ್ನು ಡಬ್ಬಿಯ ಮೇಲೆ ಇನ್ನೂ ಬರೆದಿಲ್ಲವಾದರೆ ಈಗಲೇ ಬರೆದುಬಿಡಿ.

ಇನ್ನೊಂದು ಮಾತು. ಮೊಟ್ಟೆಯ ಮೇಲೆ ಇವತ್ತು ಕಾಣುವ ತೊಂದರೆ ಇವತ್ತಿನದಲ್ಲ, ಕೆಲವು ದಿನ ಹಳೆಯದು. ಡಬ್ಬಿ ಒಣಗಿ ಸ್ವಲ್ಪ ದಿನವಾದ ಮೇಲೆ ಮೊಟ್ಟೆ ಕುಗ್ಗುತ್ತದೆ. ಆದ್ದರಿಂದ ದೋಷ ಹುಡುಕುವಾಗ ಕೈ ಮೊದಲು ಹೋಗಬೇಕಾದ್ದು ಡಬ್ಬಿಗೆ, ಮೊಟ್ಟೆಗೆ ಅಲ್ಲ. ನನ್ನ ಲೆಕ್ಕದಲ್ಲಿ, ಮೂಲ ದೋಷದಿಂದ ಕೆಡುವ ಮೊಟ್ಟೆಗಿಂತ ಗಾಬರಿಯಲ್ಲಿ ಮಾಡುವ ರಿಪೇರಿಯಿಂದ ಕೆಡುವ ಮೊಟ್ಟೆಯೇ ಜಾಸ್ತಿ.

ಗುರಿ ಏನು ಅನ್ನುವುದು ಗೊತ್ತಿದ್ದರೆ ದೋಷ ಹುಡುಕುವುದು ಸುಲಭ. ತಾಪಮಾನ 31 ರಿಂದ 32 ಡಿಗ್ರಿ ಸೆಲ್ಸಿಯಸ್, ಫ್ಯಾರನ್‌ಹೀಟ್‌ನಲ್ಲಿ ಹೇಳಿದರೆ 88 ರಿಂದ 90. ಡಬ್ಬಿಯೊಳಗಿನ ತೇವಾಂಶ ಶೇಕಡಾ 90ಕ್ಕಿಂತ ಮೇಲೆ. ಈ ಎರಡೂ ಸರಿಯಿದ್ದರೆ ಸಾಮಾನ್ಯವಾಗಿ 55 ರಿಂದ 60 ದಿನಗಳಲ್ಲಿ ಮರಿಗಳು ಬರುತ್ತವೆ.

ಮೀಟರ್ ನಿಜ ಹೇಳುತ್ತಿದೆಯಾ?

ಏನೇ ತೊಂದರೆ ಕಂಡರೂ ಇಲ್ಲಿಂದಲೇ ಶುರು ಮಾಡಿ. ಪರದೆಯ ಮೇಲೆ 31.5 ಎಂದು ತೋರಿಸಿದ ಮಾತ್ರಕ್ಕೆ ಮೊಟ್ಟೆಯ ಪಕ್ಕದಲ್ಲಿ 31.5 ಇದೆ ಎಂದೇನಲ್ಲ. ಅಗ್ಗದ ಥರ್ಮಾಮೀಟರ್‌ಗಳು ಒಂದೆರಡು ಡಿಗ್ರಿ ಆಚೀಚೆ ತೋರಿಸುವುದು ಮಾಮೂಲು. ಬೇರೆ ಕಡೆ ಒಂದೆರಡು ಡಿಗ್ರಿ ಲೆಕ್ಕಕ್ಕಿಲ್ಲ. ಇಲ್ಲಿ 32ರ ಬದಲು 34 ಆದರೆ ಮರಿಗಳ ಬೆನ್ನುಮೂಳೆ ಸೊಟ್ಟಗಾಗುವ, ಮೊಟ್ಟೆಯಲ್ಲೇ ಸಾಯುವ ಅಪಾಯವಿದೆ.

ಪರೀಕ್ಷೆ ಸುಲಭ. ಒಂದು ಲೋಟದ ತುಂಬ ಪುಡಿ ಮಾಡಿದ ಐಸ್ ಹಾಕಿ, ಸಂದು ತುಂಬುವಷ್ಟು ಮಾತ್ರ ನೀರು ಬಿಡಿ. ಚೆನ್ನಾಗಿ ಕಲಕಿ, ಪ್ರೋಬ್ ಅನ್ನು, ಅಂದರೆ ಮೀಟರಿನ ತಂತಿಯ ತುದಿಯಲ್ಲಿ ಬಿಸಿ ಅಳೆಯುವ ಭಾಗವನ್ನು, ಮಧ್ಯದಲ್ಲಿ ಹಿಡಿದು ಕೆಲವು ನಿಮಿಷ ಕಾಯಿರಿ. 0 ಡಿಗ್ರಿ ತೋರಿಸಬೇಕು. ಇದರಿಂದ ದೊಡ್ಡ ತಪ್ಪು ಸಿಕ್ಕಿಬೀಳುತ್ತದೆ. ಆದರೆ ನಮಗೆ ಬೇಕಾದ್ದು 32ರ ಆಸುಪಾಸಿನ ಲೆಕ್ಕ, ಅಲ್ವಾ? ಅದಕ್ಕೆ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ಸಾಕು. ಸುಮಾರು 36 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಅದರ ತುದಿಯನ್ನೂ ನಿಮ್ಮ ಪ್ರೋಬ್ ಅನ್ನೂ ಒಟ್ಟಿಗೆ ಹಿಡಿಯಿರಿ. ಎರಡರ ನಡುವೆ ಎಷ್ಟು ವ್ಯತ್ಯಾಸವಿದೆಯೋ ಅಷ್ಟನ್ನು ಬರೆದಿಟ್ಟುಕೊಂಡು ಲೆಕ್ಕಕ್ಕೆ ಸೇರಿಸಿ. ಪ್ರೋಬ್ ನೀರಿಗೆ ಹೆದರದ್ದು ಎಂದು ಮೊದಲು ನೋಡಿಕೊಳ್ಳಿ. ದೂರದಿಂದ ಗುರಿಯಿಟ್ಟು ಅಳೆಯುವ ಇನ್‌ಫ್ರಾರೆಡ್ ಗನ್ ಈ ಕೆಲಸಕ್ಕೆ ಬೇಡ. ಅದು ಮೇಲ್ಮೈಯ ಬಿಸಿಯನ್ನಷ್ಟೇ ಹೇಳುತ್ತದೆ, ಗಾಳಿಯದ್ದಲ್ಲ.

ತೇವಾಂಶದ ಮೀಟರ್ ಬಗ್ಗೆ ನನಗೆ ದೊಡ್ಡ ನಂಬಿಕೆಯಿಲ್ಲ. ಶೇಕಡಾ 90 ದಾಟಿದ ಮೇಲೆ ಅಗ್ಗದ ಮೀಟರ್‌ಗಳು ಬಾಯಿಗೆ ಬಂದದ್ದು ಹೇಳುತ್ತವೆ. ಮುಳ್ಳು ತಿರುಗುವ ಮಾದರಿಯದಂತೂ ಅಲಂಕಾರಕ್ಕೆ ಸರಿ. ಅದಕ್ಕಿಂತ ಒಂದು ತಕ್ಕಡಿ ಮೇಲು. ಹೇಗೆ ಅನ್ನುವುದನ್ನು ಗುಳಿಯ ವಿಷಯ ಬಂದಾಗ ಹೇಳುತ್ತೇನೆ.

ತಾಪಮಾನ ಒಂದು ಕಡೆ ನಿಲ್ಲುತ್ತಿಲ್ಲ

ಹೀಟರ್ ಅನ್ನು ಆನ್-ಆಫ್ ಮಾಡಿ ತಾಪಮಾನ ಹಿಡಿದಿಡುವ ಸಾಧನವೇ ಥರ್ಮೋಸ್ಟಾಟ್. ಮೊದಲು ಅದರ ಪ್ರೋಬ್ ಎಲ್ಲಿದೆ ನೋಡಿ. ಥರ್ಮೋಸ್ಟಾಟ್‌ನ ಪ್ರೋಬ್ ಹೀಟರ್‌ಗೆ ಅಂಟಿಕೊಂಡಿದ್ದರೆ ಅದು ಹೀಟರ್‌ನ ಬಿಸಿ ನೋಡಿ ಬೇಗ ಆಫ್ ಆಗುತ್ತದೆ, ಮೊಟ್ಟೆಗಳು ತಣ್ಣಗೇ ಇರುತ್ತವೆ. ಪ್ರೋಬ್ ಮೊಟ್ಟೆಯ ಮುಚ್ಚಿದ ಡಬ್ಬಿಯ ಆಳದಲ್ಲಿದ್ದರೆ ಅದಕ್ಕೆ ಬಿಸಿಯ ಸುದ್ದಿ ತಡವಾಗಿ ಮುಟ್ಟುತ್ತದೆ, ಅಷ್ಟರಲ್ಲಿ ಹೀಟರ್ ಅಗತ್ಯಕ್ಕಿಂತ ಜಾಸ್ತಿ ಉರಿದಿರುತ್ತದೆ. ಥರ್ಮೋಸ್ಟಾಟ್‌ನ ಪ್ರೋಬ್ ಅನ್ನು ಡಬ್ಬಿಯ ಹೊರಗೆ, ಡಬ್ಬಿಯ ಎತ್ತರದಲ್ಲೇ, ಹೀಟರ್‌ನಿಂದ ದೂರ ಕಟ್ಟುವುದು ಒಳ್ಳೆಯದು. ಮೊಟ್ಟೆಗಳ ಪಕ್ಕದಲ್ಲಿ ಬೇರೆಯೇ ಒಂದು ಥರ್ಮಾಮೀಟರ್ ಇರಲಿ. ಮೊದಲನೆಯದು ಹೀಟರ್ ನಡೆಸುತ್ತದೆ, ಎರಡನೆಯದರ ಮಾತನ್ನು ನೀವು ಕೇಳಬೇಕು. ಎರಡನೆಯದು 31.5 ತೋರಿಸುವ ತನಕ ಮೊದಲನೆಯದನ್ನು ಸ್ವಲ್ಪ ಸ್ವಲ್ಪವೇ ಹೊಂದಿಸಿ.

ಪ್ರೋಬ್ ಅನ್ನು ಟೇಪಿನಿಂದ ಗಟ್ಟಿಯಾಗಿ ಕಟ್ಟಿದ್ದೀರಾ? ಇದು ಸಣ್ಣ ವಿಷಯ ಅನ್ನಿಸಬಹುದು. ಪ್ರೋಬ್ ಜಾರಿ ಇನ್‌ಕ್ಯುಬೇಟರ್‌ನ ಹೊರಗೆ ಬಿದ್ದರೆ ಥರ್ಮೋಸ್ಟಾಟ್‌ಗೆ ಒಳಗೆ ಚಳಿ ಎಂದೇ ಅನ್ನಿಸುತ್ತದೆ. ಹೀಟರ್ ಆಫ್ ಆಗುವುದೇ ಇಲ್ಲ. ಒಂದು ರಾತ್ರಿಯಲ್ಲಿ ಎಲ್ಲ ಮೊಟ್ಟೆ ಬೆಂದುಹೋಗುತ್ತವೆ. ಹೀಟರ್‌ನ ಲೈನಿನಲ್ಲೇ ಇನ್ನೊಂದು ಥರ್ಮೋಸ್ಟಾಟ್ ಹಾಕಿ, ಅದನ್ನು 33ಕ್ಕೆ ಇಟ್ಟರೆ ಮೊದಲನೆಯದು ಕೈಕೊಟ್ಟರೂ ಎರಡನೆಯದು ಕರೆಂಟ್ ಕಡಿಯುತ್ತದೆ. ಅದರ ಪ್ರೋಬ್ ಬೇರೆ ಜಾಗದಲ್ಲಿರಲಿ. ಈ ಇಡೀ ಕೆಲಸದಲ್ಲಿ ದುಡ್ಡು ಖರ್ಚು ಮಾಡಲು ಒಂದೇ ಕಡೆ ಅವಕಾಶವಿದ್ದರೆ ಇಲ್ಲಿ ಮಾಡಿ.

ತಾಪಮಾನ 30ಕ್ಕೂ 33ಕ್ಕೂ ನಡುವೆ ಏರಿಳಿಯುತ್ತಲೇ ಇದ್ದರೆ ಥರ್ಮೋಸ್ಟಾಟ್ ಬರೀ ಆನ್-ಆಫ್ ಮಾದರಿಯದಿರಬಹುದು. ಇನ್‌ಕ್ಯುಬೇಟರ್‌ನ ಖಾಲಿ ಜಾಗದಲ್ಲಿ ನೀರು ತುಂಬಿದ ಬಾಟಲಿಗಳನ್ನಿಡಿ. ನೀರು ನಿಧಾನವಾಗಿ ಬಿಸಿಯಾಗಿ ನಿಧಾನವಾಗಿ ಆರುವುದರಿಂದ ಏರಿಳಿತ ತಗ್ಗುತ್ತದೆ. ಮೇಲೊಂದು ಕೆಳಗೊಂದು ತಾಪಮಾನವಿದ್ದರೆ ಚಿಕ್ಕ ಕಂಪ್ಯೂಟರ್ ಫ್ಯಾನ್ ಸಾಕು. ಆದರೆ ಗಾಳಿ ನೇರವಾಗಿ ಮೊಟ್ಟೆಗೆ ಬೀಸಬಾರದು.

ಮಧ್ಯಾಹ್ನ ಮಾತ್ರ ತಾಪಮಾನ ಏರುತ್ತಿದೆಯೇ? ಆಗ ದೋಷ ಕೋಣೆಯದ್ದು. ಸಾಮಾನ್ಯ ಇನ್‌ಕ್ಯುಬೇಟರ್‌ಗೆ ಬಿಸಿ ಮಾಡಲು ಬರುತ್ತದೆ, ತಂಪು ಮಾಡಲು ಬರುವುದಿಲ್ಲ. ಕೋಣೆಯೇ 34 ಮುಟ್ಟಿದರೆ ಎಷ್ಟು ಒಳ್ಳೆಯ ಥರ್ಮೋಸ್ಟಾಟ್ ಇದ್ದರೂ ಪ್ರಯೋಜನವಿಲ್ಲ. ಮನೆಯ ತಂಪಾದ ಕೋಣೆಗೆ, ಬಿಸಿಲು ಬೀಳದ ಮೂಲೆಗೆ ಸಾಗಿಸಿ. ಕೊನೆಯ ವಾರಗಳಲ್ಲಿ ಬೆಳೆದ ಮರಿಗಳೂ ಸ್ವಲ್ಪ ಬಿಸಿ ಹೊರಬಿಡುತ್ತವೆ. ಹಾಗಾಗಿ ಡಬ್ಬಿಯೊಳಗಿನ ಮೀಟರ್ ಅನ್ನು ಆಗ ಇನ್ನಷ್ಟು ಗಮನಿಸಿ.

ಕೋಳಿ ಮೊಟ್ಟೆಯ ಇನ್‌ಕ್ಯುಬೇಟರ್ ಬಳಸುತ್ತಿದ್ದರೆ ಎರಡು ಎಚ್ಚರಿಕೆ. ಅದರಲ್ಲಿ ಮೊದಲೇ ಕೂರಿಸಿರುವ ತಾಪಮಾನ ಸುಮಾರು 37.5. ಅದು ಹಾವಿನ ಮೊಟ್ಟೆಗೆ ಸಾವು. ಅದರ ತಿರುಗಿಸುವ ಟ್ರೇಯನ್ನೂ ತೆಗೆದುಹಾಕಿ. ಕೋಳಿ ಮೊಟ್ಟೆಯನ್ನು ತಿರುಗಿಸುತ್ತಿರಬೇಕು, ಹಾವಿನ ಮೊಟ್ಟೆಯನ್ನು ತಿರುಗಿಸಲೇಬಾರದು.

ಇನ್‌ಕ್ಯುಬೇಟರ್ ಇನ್ನೂ ಹದಕ್ಕೆ ಬಂದಿಲ್ಲ, ಹಾವು ಆಗಲೇ ಮೊಟ್ಟೆ ಇಟ್ಟಿದೆ ಎಂದಾದರೆ ತಾಯಿಯ ಬಳಿಯೇ ಬಿಡುವುದು ನಾಚಿಕೆಯ ವಿಷಯವೇನಲ್ಲ. ಬಾಲ್ ಪೈಥಾನ್ ತಾಯಿ ಮೊಟ್ಟೆಗಳನ್ನು ಬಿಗಿಯಾಗಿ ಸುತ್ತಿಕೊಂಡು ತೇವ ಆರದಂತೆ ಕಾಯುತ್ತದೆ. ಬೆಚ್ಚಗಿನ, ತೇವವಿರುವ ಗೂಡನ್ನು ನೀವು ಕೊಡಬೇಕು. ಹುಚ್ಚು ಕುದುರೆಯಂತೆ ಏರಿಳಿಯುವ ಪೆಟ್ಟಿಗೆಗಿಂತ ತಾಯಿ ಎಷ್ಟೋ ವಾಸಿ.

ಮೊಟ್ಟೆ ಗುಳಿ ಬಿದ್ದಿದೆ

ಹಾವಿನ ಮೊಟ್ಟೆಯ ಸಿಪ್ಪೆ ಗಟ್ಟಿಯಲ್ಲ, ತೊಗಲಿನ ಹಾಗೆ ಮೆತ್ತಗಿರುತ್ತದೆ. ಸುತ್ತ ತೇವವಿದ್ದರೆ ನೀರು ಹೀರಿ ಉಬ್ಬುತ್ತದೆ, ಒಣಗಿದ್ದರೆ ನೀರು ಬಿಟ್ಟು ಕುಗ್ಗುತ್ತದೆ. ಗುಳಿ ಅಂದರೆ ಈ ಲೆಕ್ಕ ಮೈನಸ್ ಆಗಿದೆ ಎಂದರ್ಥ.

ಎಷ್ಟು ಮೊಟ್ಟೆ ಗುಳಿ ಬಿದ್ದಿವೆ ಎಣಿಸಿ. ಎಲ್ಲವೂ ಬಿದ್ದಿದ್ದರೆ ಡಬ್ಬಿ ಒಣಗಿದೆ. ಒಂದೇ ಬಿದ್ದಿದ್ದರೆ ತೊಂದರೆ ಆ ಮೊಟ್ಟೆಯದ್ದು. ಅದು ಫಲಿಸದ ಮೊಟ್ಟೆಯಾಗಿರಬಹುದು, ಸತ್ತಿರಬಹುದು, ಇಲ್ಲವೇ ಸಿಪ್ಪೆ ಎಲ್ಲೋ ತೆಳುವಾಗಿರಬಹುದು. ತೆಳು ಸಿಪ್ಪೆಯ ಜಾಗ ಗಾಜಿನ ಕಿಟಕಿಯಂತೆ ಅರೆಪಾರದರ್ಶಕವಾಗಿ ಕಾಣುತ್ತದೆ. ಅಂಥ ಮೊಟ್ಟೆಯಿಂದಲೂ ಮರಿ ಬರುತ್ತದೆ, ತೇವ ಮಾತ್ರ ಬೇಗ ಹೋಗುತ್ತದೆ. ತಾಯಿಯ ಬಳಿ ಒಣ ಜಾಗದಲ್ಲಿದ್ದು ಕುಗ್ಗಿದ ಮೊಟ್ಟೆಗಳು ತೇವದ ಡಬ್ಬಿಗೆ ಬಂದ ಒಂದೆರಡು ದಿನಗಳಲ್ಲಿ ತಾವೇ ತುಂಬಿಕೊಳ್ಳುವುದೂ ಉಂಟು.

ಡಬ್ಬಿ ಒಣಗಿದೆಯಾ ಎಂದು ನೋಡಲು ತಕ್ಕಡಿ ಬೇಕು. ಮೊಟ್ಟೆ ಇಟ್ಟು ಮುಚ್ಚಿದ ದಿನವೇ ಇಡೀ ಡಬ್ಬಿಯ ತೂಕ ಬರೆದಿಡಿ. ಆಮೇಲೆ ತೂಕ 40 ಗ್ರಾಂ ಇಳಿದಿದ್ದರೆ ಹೆಚ್ಚುಕಮ್ಮಿ 40 ಮಿಲಿಲೀಟರ್ ನೀರು ಆವಿಯಾಗಿದೆ. ಅಷ್ಟನ್ನೇ ವಾಪಸ್ ಹಾಕಿ. ಊಹೆ ಬೇಡ, ಅಂದಾಜು ಬೇಡ. ನೀರು ಡಬ್ಬಿಯೊಳಗಿನಷ್ಟೇ ಬೆಚ್ಚಗಿರಲಿ. ಅಂಚಿನಲ್ಲಿ ಸುರಿಯಿರಿ, ಮೊಟ್ಟೆಯ ಮೇಲೆ ಒಂದು ಹನಿಯೂ ಬೀಳಬಾರದು. ತೂಕ ಬರೆದಿಟ್ಟಿಲ್ಲವಾದರೆ ಮೊಟ್ಟೆಯ ಕೆಳಗೆ ಹಾಸಿದ ವರ್ಮಿಕ್ಯುಲೈಟ್ (ನೀರು ಹಿಡಿದಿಟ್ಟುಕೊಳ್ಳುವ ಹಗುರ ಖನಿಜದ ಚೂರು) ಅನ್ನು ಹಿಂಡಿ ನೋಡಿ. ಮುದ್ದೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಶುರುವಿನಲ್ಲಿ ತೂಕದ ಲೆಕ್ಕದಲ್ಲಿ ಒಂದು ಪಾಲು ವರ್ಮಿಕ್ಯುಲೈಟ್‌ಗೆ ಒಂದು ಪಾಲು ನೀರು ಸೇರಿಸುವುದು ರೂಢಿ. ಲೋಟದಲ್ಲಿ ಅಳೆದು ಸಮಸಮ ಹಾಕಿದರೆ ಕೆಸರಾಗುತ್ತದೆ, ಯಾಕೆಂದರೆ ವರ್ಮಿಕ್ಯುಲೈಟ್ ಬಲು ಹಗುರ. ಕೆಳಗೆ ನೀರು, ಮೇಲೆ ಪ್ಲಾಸ್ಟಿಕ್ ಜಾಲರಿ, ಅದರ ಮೇಲೆ ಮೊಟ್ಟೆ ಇಡುವ ಪದ್ಧತಿಯಾದರೆ ನೀರಿನ ಮಟ್ಟ ನೋಡಿದರೆ ಸಾಕು.

ನೀರಿದೆ, ಆದರೂ ಗುಳಿ ಬೀಳುತ್ತಿದೆ ಎಂದರೆ ಆವಿ ಎಲ್ಲಿಂದ ಹೋಗುತ್ತಿದೆ ಹುಡುಕಿ. ಮುಚ್ಚಳಕ್ಕೆ ತೂತು ಜಾಸ್ತಿ ಮಾಡಿರಬಹುದು. ಫ್ಯಾನ್ ಗಾಳಿ ಡಬ್ಬಿಯೊಳಗೆ ನುಗ್ಗುತ್ತಿರಬಹುದು. ಅಥವಾ ನೀವೇ ದಿನಕ್ಕೆ ಹತ್ತು ಸಲ ಮುಚ್ಚಳ ತೆರೆದು ಇಣುಕುತ್ತಿರಬಹುದು! ವಾರಕ್ಕೊಮ್ಮೆ ತೆರೆದು ಗಾಳಿ ಬದಲಿಸಿದರೆ ಸಾಕು. ಬಹಳ ಕುಗ್ಗಿದ ಮೊಟ್ಟೆಯ ಮೇಲೆ ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಪಾಚಿಯನ್ನೋ ಪೇಪರ್ ಟವೆಲನ್ನೋ ಹಗುರವಾಗಿ ಹೊದಿಸಬಹುದು.

ಆತುರದಲ್ಲಿ ಜಾಸ್ತಿ ನೀರು ಸುರಿಯುವುದು ಗುಳಿಗಿಂತ ಕೆಟ್ಟದ್ದು. ಮೊಟ್ಟೆ ಬಿಗಿಯಾಗಿ ಉಬ್ಬಿ, ಮೈಮೇಲೆ ನೀರು ಒಸರಿದಂತೆ ಕಂಡರೆ ತೇವ ಮಿತಿ ಮೀರಿದೆ. ಒದ್ದೆ ವರ್ಮಿಕ್ಯುಲೈಟ್‌ನಲ್ಲಿ ಅರ್ಧ ಹೂತ ಮೊಟ್ಟೆಗೆ ಉಸಿರಾಟವೂ ಕಷ್ಟ, ಸಿಪ್ಪೆಯ ಮೂಲಕವೇ ಅದಕ್ಕೆ ಆಮ್ಲಜನಕ ಸಿಗಬೇಕು. ಕುಗ್ಗಿದ ಮೊಟ್ಟೆ ಮತ್ತೆ ತುಂಬಿಕೊಳ್ಳುತ್ತದೆ. ನೀರಲ್ಲಿ ಮುಳುಗಿದ್ದು ಹಾಗೆ ಸುಧಾರಿಸಿಕೊಳ್ಳುವುದಿಲ್ಲ.

ಕೊನೆಯ ಎರಡು ವಾರದಲ್ಲಿ ಬೀಳುವ ಗುಳಿಗೆ ಏನೂ ಮಾಡಬೇಡಿ. ಸುಮ್ನೆ ಇರಿ.

ಮುಚ್ಚಳದಿಂದ ನೀರು ತೊಟ್ಟಿಕ್ಕುತ್ತಿದೆ

ಮುಚ್ಚಳ ಒಳಗಿನ ಗಾಳಿಗಿಂತ ತಣ್ಣಗಿದ್ದರೆ ಆವಿ ಅಲ್ಲಿ ಹನಿಯಾಗುತ್ತದೆ. ಡಬ್ಬಿಯ ಗೋಡೆಯಲ್ಲಿ ಸ್ವಲ್ಪ ಹನಿ ಇರುವುದು ಒಳ್ಳೆಯದೇ. ಮೊಟ್ಟೆಯ ಮೇಲೆ ಬಿದ್ದರೆ ಮಾತ್ರ ತೊಂದರೆ. ಡಬ್ಬಿಯ ಒಂದು ಬದಿಯ ಕೆಳಗೆ ಚಿಕ್ಕ ತುಂಡು ಇಟ್ಟು ತುಸು ಓರೆ ಮಾಡಿ, ಹನಿ ಜಾರಿ ಅಂಚಿಗೆ ಹೋಗುತ್ತದೆ. ಹೊಸದಾಗಿ ಹನಿ ಜಾಸ್ತಿಯಾಗಿದ್ದರೆ ಕೋಣೆ ತಣ್ಣಗಾಗಿದೆಯಾ, ಇನ್‌ಕ್ಯುಬೇಟರ್ ಬಾಗಿಲು ಸರಿಯಾಗಿ ಕೂತಿದೆಯಾ ನೋಡಿ.

ಬೂಷ್ಟು ಬಂದಿದೆ

ಬೂಷ್ಟು ಕಂಡ ಕೂಡಲೇ ಮೊಟ್ಟೆ ಎಸೆಯುವವರಿದ್ದಾರೆ. ದಯವಿಟ್ಟು ಬೇಡ. ಎಲ್ಲಿ ಬಂದಿದೆ ಅನ್ನುವುದು ಮುಖ್ಯ. ವರ್ಮಿಕ್ಯುಲೈಟ್ ಮೇಲೆ ಬಂದಿದ್ದರೆ ಆ ಭಾಗವನ್ನು ಚಮಚದಿಂದ ತೆಗೆದುಬಿಡಿ. ಮೊಟ್ಟೆಯ ಒಂದು ಚುಕ್ಕೆಯಲ್ಲಿ ಬಂದಿದ್ದರೆ ಒಣ ಹತ್ತಿಯ ಕಡ್ಡಿಯಿಂದ ಮೆಲ್ಲಗೆ ಒರೆಸಿ. ಪಾದಕ್ಕೆ ಹಾಕುವ ಫಂಗಸ್ ನಿರೋಧಕ ಪುಡಿಯನ್ನು ಆ ಚುಕ್ಕೆಗೆ ಚೂರು ಸವರುವುದು ಸಾಕಣೆದಾರರ ಹಳೆಯ ರೂಢಿ. ಇಡೀ ಮೊಟ್ಟೆಗೆ ಬಳಿಯಬೇಡಿ. ತೇವ ಅತಿಯಾಗಿದೆಯಾ, ಗಾಳಿ ಆಡುತ್ತಿದೆಯಾ ಎಂದೂ ನೋಡಿ.

ಒಂದೇ ಮೊಟ್ಟೆಯ ಸುತ್ತ ದಟ್ಟವಾಗಿ ಹಬ್ಬಿದ್ದರೆ ಅದು ಸತ್ತಿರುವ ಸಾಧ್ಯತೆ ಹೆಚ್ಚು. ಬಾಲ್ ಪೈಥಾನ್ ಮೊಟ್ಟೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಹಾಗಾಗಿ ಪಕ್ಕದ್ದಕ್ಕೂ ಹಬ್ಬುತ್ತದೆ ಎಂಬ ಭಯ ಸಹಜ. ಆದರೆ ಆರೋಗ್ಯವಂತ ಮೊಟ್ಟೆ ಕೊಳೆತ ಮೊಟ್ಟೆಗೆ ಅಂಟಿಕೊಂಡೇ ಮರಿಯಾಗುವುದು ಸಾಮಾನ್ಯ. ಕಿತ್ತು ಬೇರ್ಪಡಿಸಲು ಹೋದರೆ ಒಳ್ಳೆಯ ಮೊಟ್ಟೆಯ ಸಿಪ್ಪೆ ಹರಿಯಬಹುದು. ಸಲೀಸಾಗಿ ಬಿಟ್ಟರೆ ತೆಗೆಯಿರಿ, ಇಲ್ಲವಾದರೆ ಹಾಗೇ ಬಿಡಿ. ನೊಣಗಳು ಮುತ್ತತೊಡಗಿದರೆ ಮಾತ್ರ ಸುಮ್ಮನಿರಬಾರದು. ಕೊಳೆತದ್ದರಲ್ಲಿ ಹುಟ್ಟಿದ ಹುಳು ಪಕ್ಕದ ಮೊಟ್ಟೆಗೂ ಹೋಗಬಹುದು. ಗಾಳಿ ತೂತುಗಳಿಗೆ ನುಣ್ಣನೆಯ ಬಟ್ಟೆ ಅಂಟಿಸಿ.

ಮೊಟ್ಟೆ ಬದುಕಿದೆಯಾ?

ಕತ್ತಲ ಕೋಣೆ, ಬಿಸಿಯಾಗದ ಚಿಕ್ಕ ಎಲ್‌ಇಡಿ ಟಾರ್ಚ್. ಮೊಟ್ಟೆ ಎತ್ತದೆ, ಬದಿಯಿಂದ ಟಾರ್ಚ್ ತಾಗಿಸಿ ಕೆಲವೇ ಕ್ಷಣ ನೋಡಿ. ಗುಲಾಬಿ ಬೆಳಕು, ಕೆಂಪು ನರಗಳ ಜಾಲ ಕಂಡರೆ ಜೀವವಿದೆ. ಫಲಿಸಿದ ಮೊಟ್ಟೆಯಲ್ಲಿ ಇಟ್ಟ ಒಂದೆರಡು ದಿನಗಳಲ್ಲೇ ನರಗಳು ಕಾಣಿಸುವುದುಂಟು. ಬರೀ ಹಳದಿ ಬೆಳಕಾದರೆ ಅದು ಫಲಿಸದ್ದಿರಬಹುದು. ಸಾಕಣೆದಾರರು ಸ್ಲಗ್ ಎನ್ನುವುದು ಇದನ್ನೇ. ಸ್ಲಗ್‌ಗಳು ಸಾಮಾನ್ಯವಾಗಿ ಚಿಕ್ಕದಾಗಿ, ಹಳದಿಯಾಗಿ, ಮೇಣದಂತೆ ಕಾಣುತ್ತವೆ. ಅನುಮಾನವಿದ್ದರೆ ಒಂದು ವಾರ ಬಿಟ್ಟು ಮತ್ತೆ ನೋಡಿ. ಮೊದಲು ಕಂಡ ನರಗಳು ಆಮೇಲೆ ಮಸುಕಾಗಿ, ಮೊಟ್ಟೆ ಕುಸಿದು, ಕೆಟ್ಟ ವಾಸನೆ ಬಂದರೆ ಅದು ಹೋಯಿತು. ಕೊನೆಯ ವಾರಗಳಲ್ಲಿ ಮರಿ ದೊಡ್ಡದಾಗಿ ಒಳಗೆಲ್ಲ ಕಪ್ಪಗೆ ಕಾಣುತ್ತದೆ, ಅದಕ್ಕೆ ಗಾಬರಿ ಬೇಡ. ನನ್ನ ನಿಯಮ ಸರಳ: ನಾರುವ ತನಕ ಎಸೆಯಬೇಡಿ.

ಮೊಟ್ಟೆ ಉರುಳಿತು

ಮೊದಲ ದಿನವಾದರೆ ಹಾನಿ ಕಮ್ಮಿ. ಆಮೇಲೆ ಭ್ರೂಣ ಮೇಲ್ಭಾಗದ ಒಳಗೋಡೆಗೆ ಅಂಟಿಕೊಂಡಿರುತ್ತದೆ. ತಲೆಕೆಳಗಾದರೆ ಹಳದಿಯ ಭಾರದಡಿ ಸಿಕ್ಕಿ ಸಾಯಬಹುದು. ಡಬ್ಬಿಗೆ ಇಡುವಾಗ ಮೊಟ್ಟೆಯ ಮೇಲ್ಭಾಗಕ್ಕೆ ಹಾಕಿದ ಪೆನ್ಸಿಲ್ ಗುರುತಿದ್ದರೆ ಅದನ್ನು ಮತ್ತೆ ಮೇಲೆ ತನ್ನಿ. ಗುರುತಿಲ್ಲವಾದರೆ ಟಾರ್ಚ್ ಹಿಡಿದು ಕೆಂಪು ಚುಕ್ಕೆ, ನರಗಳ ಕೇಂದ್ರ ಹುಡುಕಿ, ಆ ಬದಿ ಮೇಲಿರುವಂತೆ ಇಡಿ.

ಕರೆಂಟ್ ಹೋಯಿತು

ಕೆಲವು ಗಂಟೆ ತಣ್ಣಗಾದರೆ ಮೊಟ್ಟೆ ತಡೆದುಕೊಳ್ಳುತ್ತದೆ, ಬೆಳವಣಿಗೆ ಸ್ವಲ್ಪ ನಿಧಾನವಾಗುತ್ತದೆ ಅಷ್ಟೆ. ಬಾಗಿಲು ತೆರೆಯಬೇಡಿ, ಇಡೀ ಪೆಟ್ಟಿಗೆಗೆ ಕಂಬಳಿ ಹೊದಿಸಿ. ತುಂಬ ಹೊತ್ತಾಗುವಂತಿದ್ದರೆ ಬೆಚ್ಚಗಿನ ನೀರಿನ ಬಾಟಲಿಗಳನ್ನು ಒಳಗಿಡಿ, ಡಬ್ಬಿಗೆ ತಾಗದಂತೆ. ಕುದಿಯುವ ನೀರು ಬೇಡ. ಚಳಿಗಿಂತ ಬಿಸಿ ಬೇಗ ಕೊಲ್ಲುತ್ತದೆ.

60 ದಿನ ದಾಟಿತು, ಮರಿ ಇಲ್ಲ

ಇಲ್ಲಿ ಮತ್ತೆ ಥರ್ಮಾಮೀಟರ್ ಪರೀಕ್ಷೆಗೆ ಹೋಗಿ. ತಾಪಮಾನ ಒಂದೆರಡು ಡಿಗ್ರಿ ಕಮ್ಮಿಯಿದ್ದರೆ ದಿನಗಳು ಹಿಗ್ಗುತ್ತವೆ. ಮೊಟ್ಟೆ ಗಟ್ಟಿಮುಟ್ಟಾಗಿದ್ದು, ವಾಸನೆಯಿಲ್ಲದೆ, ಟಾರ್ಚ್ ಬೆಳಕಿಗೆ ನರ ಕಾಣುತ್ತಿದ್ದರೆ ಕಾಯುವುದೇ ಮದ್ದು. ಕೊನೆಯ ದಿನಗಳಲ್ಲಿ ಮರಿಗಳಿಗೆ ಆಮ್ಲಜನಕ ಜಾಸ್ತಿ ಬೇಕು, ಆಗ ಮುಚ್ಚಳವನ್ನು ವಾರಕ್ಕೆ ಎರಡು ಮೂರು ಸಲ ತೆರೆದು ಗಾಳಿಯಾಡಿಸಿ.

ಮೊದಲ ಮರಿ ಮೂತಿಯ ತುದಿಯ ಮೊಟ್ಟೆ ಹಲ್ಲಿನಿಂದ ಸಿಪ್ಪೆ ಸೀಳಿದ ಮೇಲೆ ಹೊರಬರಲು ಒಂದೆರಡು ದಿನ ತೆಗೆದುಕೊಳ್ಳುತ್ತದೆ. ಬರೀ ಮೂತಿ ಹೊರಗಿಟ್ಟು, ಕೈ ತೋರಿಸಿದರೆ ಒಳಗೆ ಸರಿದು ಕೂತಿರುತ್ತದೆ. ಒಳಗೆ ಉಳಿದ ಹಳದಿಯನ್ನು ಅದು ಹೀರಿಕೊಳ್ಳುತ್ತಿದೆ. ಎಳೆಯಬೇಡಿ.

ಒಡಹುಟ್ಟಿದವೆಲ್ಲ ಸೀಳಿ ಎರಡು ದಿನವಾದರೂ ಒಂದು ಮೊಟ್ಟೆ ಹಾಗೇ ಇದ್ದರೆ? ಕತ್ತರಿಸಬೇಕೋ ಬೇಡವೋ ಅನ್ನುವುದರಲ್ಲಿ ಸಾಕಣೆದಾರರಲ್ಲೇ ಎರಡು ಪಂಗಡ. ದಿನ ಲೆಕ್ಕ ಹಾಕಿ ಎಲ್ಲವನ್ನೂ ಮೊದಲೇ ಕತ್ತರಿಸುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಹೀಗೆ ಹಿಂದೆ ಉಳಿದ ಒಂದಕ್ಕೆ ಮೇಲ್ಭಾಗದಲ್ಲಿ ಚಿಕ್ಕ ಕಿಂಡಿ ಮಾಡುವುದು ನ್ಯಾಯ. ಟಾರ್ಚ್ ಹಿಡಿದು ದಪ್ಪ ನರಗಳಿಲ್ಲದ ಜಾಗ ಹುಡುಕಿ. ಮೊಂಡು ತುದಿಯ ಚಿಕ್ಕ ಕತ್ತರಿಯಿಂದ ಸಿಪ್ಪೆಯನ್ನಷ್ಟೇ ಕತ್ತರಿಸಿ. ರಕ್ತ ಬಂದರೆ ನಿಲ್ಲಿಸಿ. ಆಮೇಲೆ ಮುಚ್ಚಳ ಹಾಕಿ, ಉಳಿದದ್ದನ್ನು ಮರಿಗೆ ಬಿಡಿ.

ಮರಿ ಹೊರಬಂದಿದೆ, ಹೊಟ್ಟೆಯಲ್ಲಿ ಹಳದಿ ಚೀಲ ನೇತಾಡುತ್ತಿದೆ ಎಂದಾದರೆ ಕತ್ತರಿಸುವುದೂ ಕಟ್ಟುವುದೂ ಬೇಡ. ಒದ್ದೆ ಪೇಪರ್ ಟವೆಲ್ ಹಾಸಿದ ಶುಭ್ರ ಡಬ್ಬಿಯಲ್ಲಿ ಒಂಟಿಯಾಗಿ ಇನ್‌ಕ್ಯುಬೇಟರ್‌ನೊಳಗೇ ಇಡಿ. ವರ್ಮಿಕ್ಯುಲೈಟ್ ಅಂಟಿಕೊಂಡರೆ ಚೀಲ ಹರಿಯಬಹುದು. ಚೀಲ ದೊಡ್ಡದಿದ್ದರೆ ಅಥವಾ ಬಣ್ಣ ಕೆಟ್ಟಿದ್ದರೆ ಸರೀಸೃಪ ಬಲ್ಲ ಪಶುವೈದ್ಯರಿಗೆ ತೋರಿಸಿ. ಆರೋಗ್ಯವಾಗಿರುವ ಮರಿ ಸುಮಾರು ಒಂದೆರಡು ವಾರದೊಳಗೆ ಮೊದಲ ಪೊರೆ ಬಿಡುತ್ತದೆ. ಊಟದ ವಿಚಾರ ಅದರ ಆಮೇಲೆ.

ಮರಿಯಾಗದೇ ಉಳಿದ ಮೊಟ್ಟೆಗಳನ್ನು ಎಸೆಯುವ ಮೊದಲು ಒಡೆದು ನೋಡಿ. ಕೈಗವಸು ಹಾಕಿ, ಮನೆಯ ಹೊರಗೆ ಮಾಡಿ, ವಾಸನೆ ತಡೆಯಲಾಗದು. ಭ್ರೂಣದ ಕುರುಹೇ ಇಲ್ಲದಿದ್ದರೆ ಅದು ಫಲಿಸದ್ದಿರಬಹುದು, ಹಾಗಾದರೆ ಇನ್‌ಕ್ಯುಬೇಟರ್ ಮೇಲೆ ತಪ್ಪು ಹೊರಿಸಬೇಡಿ. ಚಿಕ್ಕ ಭ್ರೂಣವಿದ್ದರೆ ಮೊದಲ ವಾರಗಳ ತಾಪಮಾನದ ದಾಖಲೆ ತೆಗೆದು ನೋಡಿ, ಉರುಳಿಸಿದ್ದು ನೆನಪಿದೆಯಾ ಕೇಳಿಕೊಳ್ಳಿ. ಪೂರ್ತಿ ಬೆಳೆದ ಮರಿ ಒಳಗೆ ಸತ್ತಿದ್ದರೆ ಕೊನೆಯ ವಾರಗಳ ಬಿಸಿ, ಗಾಳಿ, ತೇವ ಈ ಮೂರನ್ನೂ ಅನುಮಾನಿಸಬೇಕು. ಹಲವು ಮರಿಗಳ ಬೆನ್ನು ಸೊಟ್ಟಗಿದ್ದರೆ ಮುಂದಿನ ಸಲಕ್ಕೆ ಮೊಟ್ಟೆ ಬರುವ ಮೊದಲೇ ಖಾಲಿ ಇನ್‌ಕ್ಯುಬೇಟರ್ ಅನ್ನು ಒಂದು ವಾರ ಓಡಿಸಿ, ಡಬ್ಬಿಯೊಳಗಿನ ಅತಿ ಹೆಚ್ಚು ತಾಪಮಾನ ಎಷ್ಟು ಮುಟ್ಟಿತು ಎಂದು ಬರೆದಿಡಿ.